ಕಾಣದ ಬಾಣ: ಸಂತ ಸೆಬಾಸ್ಟಿಯನ್ನನಿಂದ ಮಂಗನ ಕಾಯಿಲೆಯವರೆಗೆ

ಜನವರಿ ತಿಂಗಳು ಬಂತೆಂದರೆ ಕೇರಳದ ಅನೇಕ ಇಗರ್ಜಿಗಳಲ್ಲಿ ‘ಅಂಬ್ ಪೆರುನ್ನಾಳ್’ ನಡೆಯುತ್ತದೆ. ಅಂಬು ಎಂದರೆ ಬಾಣ. ಈ ಶಬ್ದ ನಮ್ಮ ಹಳಗನ್ನಡಕ್ಕೂ ಪರಿಚಿತವೇ. ಪುಟ್ಟ ಬಾಣವನ್ನು ಮೆರವಣಿಗೆಯಲ್ಲಿ ಮನೆಮನೆಗೆ ಒಯ್ಯುತ್ತಾರೆ. ಸಾಂಕ್ರಾಮಿಕ ರೋಗ ಆ ಮನೆಯತ್ತ ಸುಳಿಯದಿರಲಿ ಎಂಬುದು ಪ್ರಾರ್ಥನೆ. ಬಾಣಕ್ಕೂ ರೋಗಕ್ಕೂ ಏನು ಸಂಬಂಧ ಎಂದು ಮಕ್ಕಳು ಕೇಳಿದರೆ ನಾವು ಸ್ವಲ್ಪ ದೂರ ಹೋಗಬೇಕಾಗುತ್ತದೆ.

ಈ ಹಬ್ಬ ಸಂತ ಸೆಬಾಸ್ಟಿಯನ್ನನದು. ಐತಿಹ್ಯದಂತೆ ಆತ ರೋಮ್ ಚಕ್ರವರ್ತಿ ಡಯೋಕ್ಲೀಶಿಯನ್ನನ ಕಾಲದ ಸೈನಿಕ. ಕ್ರೈಸ್ತನೆಂದು ತಿಳಿದಾಗ ಕಂಬಕ್ಕೆ ಕಟ್ಟಿ ಬಾಣ ಬಿಟ್ಟರು. ಆದರೂ ಆತ ಸಾಯಲಿಲ್ಲ. ಐರೀನ್ ಎಂಬ ವಿಧವೆ ಆರೈಕೆ ಮಾಡಿ ಉಳಿಸಿದಳು. ಮುಂದೆ ಅವನನ್ನು ದೊಣ್ಣೆಗಳಿಂದ ಹೊಡೆದು ಕೊಂದರು.

ಪ್ರಾಚೀನ ಗ್ರೀಕರ ‘ಇಲಿಯಡ್’ ಕಾವ್ಯದಲ್ಲಿ ಅಪೊಲೊ ದೇವತೆ ಬಾಣ ಬಿಟ್ಟು ಸೇನೆಯಲ್ಲಿ ಪಿಡುಗು ಹಬ್ಬಿಸುತ್ತಾನೆ. ಎಲ್ಲಿಂದಲೋ ಬಂದು, ಕಾಣದಂತೆ ತಾಗಿ, ಒಬ್ಬನನ್ನು ಕೆಡವಿ ಪಕ್ಕದವನನ್ನು ಬಿಡುವುದು ಬಾಣದ ಗುಣ, ಪಿಡುಗಿನ ಗುಣವೂ ಹೌದು. ಬಾಣ ತಾಗಿಯೂ ಬದುಕಿದವನು ರೋಗದಿಂದಲೂ ಕಾಯಬಲ್ಲ ಎಂದು ಜನ ನಂಬಿದರು. ಕ್ರಿ.ಶ. 680ರಲ್ಲಿ ಇಟಲಿಯ ಪಾವಿಯ ನಗರದಲ್ಲಿ ಪಿಡುಗು ಬಂದಾಗ ಸೆಬಾಸ್ಟಿಯನ್ನನ ಹೆಸರಲ್ಲಿ ಪೀಠ ಸ್ಥಾಪಿಸಿದ ಮೇಲೆ ಅದು ನಿಂತಿತೆಂದು 8ನೇ ಶತಮಾನದ ಇತಿಹಾಸಕಾರ ಪೌಲ್ ಬರೆದಿದ್ದಾನೆ. ನಮ್ಮಲ್ಲಿ ಸಿಡುಬಿಗೆ ಮಾರಿಯಮ್ಮ ಇದ್ದಂತೆ, ಅಲ್ಲಿ ಪ್ಲೇಗಿಗೆ ಈ ಸಂತ.

ನಿಜವಾದ ಬಾಣ ಸಿಕ್ಕಿದ್ದು ಬಹಳ ತಡವಾಗಿ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಪ್ಲೇಗಿನ ರೋಗಾಣುವನ್ನು ಗುರುತಿಸಿದರು. 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಕಾಲಿಟ್ಟ ವರ್ಷವೇ, ಕರಾಚಿಯಲ್ಲಿ ಸಿಮೊಂಡ್ ಇಲಿಯ ಮೈಮೇಲಿನ ಚಿಗಟ ಕಚ್ಚಿ ರೋಗ ಹರಡುವುದನ್ನು ತೋರಿಸಿದರು. ಮೊದಮೊದಲು ಅವರ ಮಾತನ್ನು ಹೆಚ್ಚಿನವರು ನಂಬಲಿಲ್ಲ.

ಇಂಥದೇ ಇನ್ನೊಂದು ಬಾಣ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಂಡಿತು. ಮಂಗಗಳು ಸತ್ತು ಬೀಳುತ್ತಿದ್ದವು, ಸುತ್ತಲಿನ ಊರವರಿಗೆ ವಿಪರೀತ ಜ್ವರ. ಹಳದಿ ಜ್ವರವೇ ಇರಬಹುದೆಂದು ಮೊದಲು ಶಂಕಿಸಲಾಗಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹುಡುಕಿದಾಗ ಸಿಕ್ಕಿದ್ದು ಹೊಸ ವೈರಸ್. ಅದನ್ನು ಹರಡುವುದು ಉಣುಗು. ನಾವು ‘ಮಂಗನ ಕಾಯಿಲೆ’ ಎನ್ನುತ್ತೇವೆ, ಮಲಯಾಳದಲ್ಲಿ ‘ಕುರಂಗುಪನಿ’. ಹೆಸರು ಮಂಗನದಾದರೂ ಮಂಗವೂ ನಮ್ಮಂತೆ ಬಾಣ ತಾಗಿದ ಜೀವಿಯೇ.

2013ರಲ್ಲಿ ವಯನಾಡಿನಲ್ಲೂ ಈ ರೋಗ ಪತ್ತೆಯಾಯಿತು, 2015ರಲ್ಲಿ ಅಲ್ಲಿ ಸಾವುಗಳಾದವು. ಹೆಚ್ಚು ನೊಂದವರು ಕಾಡನ್ನೇ ನಂಬಿದ ಬುಡಕಟ್ಟಿನವರು. ಕನ್ನಡಕ್ಕೆ ಹತ್ತಿರದ ನುಡಿಯಾಡುವ ಕಾಟ್ಟುನಾಯ್ಕರೂ ಅವರಲ್ಲಿದ್ದರು. ಜೇನಿಗೆ, ಸೌದೆಗೆ ಕಾಡಿಗೆ ಹೋಗದೆ ಅವರಿಗೆ ಬದುಕಿಲ್ಲ.

ಉಣುಗಿನ ಮರಿಗಳು ಹೆಚ್ಚುವುದು ಚಳಿಗಾಲದಿಂದ ಬೇಸಿಗೆಯವರೆಗೆ. ಅಂಬಿನ ಹಬ್ಬ ಬರುವುದೂ ಆ ದಿನಗಳಲ್ಲೇ. ಈ ರೋಗಕ್ಕೆಂದೇ ಮದ್ದಿಲ್ಲ. ಹಳೆಯ ಲಸಿಕೆ ಸಾಕಷ್ಟು ಫಲಕಾರಿಯಲ್ಲವೆಂದು 2022ರಲ್ಲಿ ನಿಂತಿತು, ಹೊಸದರ ಕೆಲಸ ನಡೆದಿದೆ. ಆದ್ದರಿಂದ ಕಾಡಂಚಿನ ಶಾಲೆಗಳ ಮಕ್ಕಳಿಗೆ ನಾವು ಹೇಳಬೇಕಾದದ್ದು ಇಷ್ಟು: ಮೈತುಂಬ ಬಟ್ಟೆ ತೊಡಿ, ಉಣುಗು ನಿವಾರಕ ತೈಲ ಹಚ್ಚಿ, ಮರಳಿದ ಕೂಡಲೇ ಬಿಸಿನೀರಲ್ಲಿ ಮಿಂದು ಬಟ್ಟೆ ಒಗೆಯಿರಿ. ಸತ್ತ ಮಂಗವನ್ನು ಮುಟ್ಟಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ ಬಂದರೆ ತಡಮಾಡದೆ ಅಲ್ಲಿಗೇ ಹೋಗಿ.

ಪ್ರಾರ್ಥನೆ ಮಾಡುವವರು ಮಾಡಲಿ. ಆದರೆ ಸೆಬಾಸ್ಟಿಯನ್ನನ ಕಥೆಯಲ್ಲೂ ಬಾಣ ಕಿತ್ತು ಗಾಯಕ್ಕೆ ಆರೈಕೆ ಮಾಡಿದವಳು ಐರೀನ್ ಎಂಬುದನ್ನು ನಾವು ಮಕ್ಕಳಿಗೆ ಹೇಳೋಣ.