ಮಕ್ಕಳ ‘ಸೋಮಾರಿ ಕಣ್ಣು’: ಏಳು ವರ್ಷದೊಳಗೆ ಪತ್ತೆಯಾಗಲಿ

ಕೊಪ್ಪಳ: ಕಣ್ಣು ನೋಡಲು ಚೆನ್ನಾಗಿಯೇ ಇರುತ್ತದೆ. ನೋವಿಲ್ಲ, ಕೆಂಪಾಗುವುದಿಲ್ಲ, ನೀರು ಸೋರುವುದಿಲ್ಲ. ಆದರೂ ದೃಷ್ಟಿ ಮಂದ. ಕನ್ನಡಕ ಹಾಕಿದ ಕೂಡಲೇ ಪೂರ್ತಿ ಸರಿಹೋಗುವುದೂ ಇಲ್ಲ. ವೈದ್ಯರು ಆಂಬ್ಲಿಯೋಪಿಯಾ ಎಂದು ಕರೆಯುವ ಈ ದೋಷಕ್ಕೆ ಜನಬಳಕೆಯ ಹೆಸರು ‘ಸೋಮಾರಿ ಕಣ್ಣು’. ವಾಸ್ತವದಲ್ಲಿ ಇಲ್ಲಿ ಕಣ್ಣಿನ ಸೋಮಾರಿತನವೇನೂ ಇಲ್ಲ. ಬಾಲ್ಯದಲ್ಲಿ ಸ್ಪಷ್ಟ ಬಿಂಬ ಕಳುಹಿಸದ ಕಣ್ಣನ್ನು ಮಿದುಳು ಕ್ರಮೇಣ ಕಡೆಗಣಿಸುವುದೇ ಇದರ ಮೂಲ.

ಜಗತ್ತಿನಲ್ಲಿ ಎಷ್ಟು?

‘ಬ್ರಿಟಿಷ್ ಜರ್ನಲ್ ಆಫ್ ಆಪ್ತಾಲ್ಮಾಲಜಿ’ಯಲ್ಲಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಜಗತ್ತಿನ ಸರಾಸರಿ ಪ್ರಮಾಣ ಶೇ 1.44. ಅಂದರೆ 2019ರಲ್ಲಿ ಸುಮಾರು 9.92 ಕೋಟಿ ಜನ. ಯುರೋಪಿನಲ್ಲಿ ಶೇ 2.90, ಉತ್ತರ ಅಮೆರಿಕದಲ್ಲಿ ಶೇ 2.41, ಏಷ್ಯಾದಲ್ಲಿ ಶೇ 1.09, ಆಫ್ರಿಕಾದಲ್ಲಿ ಶೇ 0.72. 2040ರ ವೇಳೆಗೆ ಒಟ್ಟು ಸಂಖ್ಯೆ 22 ಕೋಟಿ ದಾಟಬಹುದೆಂಬ ಅಂದಾಜಿದೆ. ದೋಷವನ್ನು ಅಳೆಯುವ ಮಾನದಂಡ ಒಂದೊಂದು ಅಧ್ಯಯನದಲ್ಲಿ ಒಂದೊಂದು ರೀತಿ ಇರುವುದರಿಂದ ಖಂಡಗಳ ಹೋಲಿಕೆಯಲ್ಲಿ ಎಚ್ಚರ ಅಗತ್ಯ.

ಏಷ್ಯಾದ ಸರಾಸರಿಯನ್ನೇ ಹಿಡಿದರೂ 300 ಮಕ್ಕಳಿರುವ ಶಾಲೆಯಲ್ಲಿ ಇಂಥ ಮೂವರು ಇರಬಹುದು.

ಕಾರಣಗಳು

ಮುಖ್ಯ ಕಾರಣ ಎರಡು: ಮೆಳ್ಳೆಗಣ್ಣು ಹಾಗೂ ಎರಡು ಕಣ್ಣುಗಳ ಕನ್ನಡಕದ ನಂಬರಿನಲ್ಲಿ ಹೆಚ್ಚಿನ ವ್ಯತ್ಯಾಸ. ಹುಟ್ಟಿನಿಂದ ಬಂದ ಪೊರೆ, ಜೋತುಬಿದ್ದ ರೆಪ್ಪೆ ಅಪರೂಪವಾದರೂ ಹೆಚ್ಚು ಅಪಾಯಕಾರಿ. ಎಳೆಯ ಬೆಕ್ಕಿನ ಒಂದು ಕಣ್ಣನ್ನು ಮುಚ್ಚಿಟ್ಟರೆ ಮಿದುಳಿನ ದೃಷ್ಟಿಭಾಗವೇ ಬದಲಾಗುತ್ತದೆಂದು ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ 1960ರ ದಶಕದಲ್ಲಿ ತೋರಿಸಿದರು. ದೃಷ್ಟಿ ಕುರಿತ ಸಂಶೋಧನೆಗಾಗಿ 1981ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು.

ಏಳು ತಾಲ್ಲೂಕುಗಳ ಸವಾಲು

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲಾ ಮಕ್ಕಳನ್ನು ಒಂದು ಬಾರಿ ತಪಾಸಣೆ ಮಾಡಬೇಕು. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ಕೊಪ್ಪಳದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ಆದರೆ ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹಳ್ಳಿಗಳಿಂದ ದುಡಿಯಲು ಗುಳೆ ಹೋಗುವ ಕುಟುಂಬಗಳ ಮಕ್ಕಳಿಗೆ ತಪಾಸಣೆಯ ದಿನವೂ ತಪ್ಪಬಹುದು, ತಿಂಗಳುಗಟ್ಟಲೆ ನಡೆಯಬೇಕಾದ ಚಿಕಿತ್ಸೆಯೂ ನಿಲ್ಲಬಹುದು.

ಮಂದಗಣ್ಣಿನ ನಿಜವಾದ ಬೆಲೆ ತಿಳಿಯುವುದು ದೊಡ್ಡವರಾದ ಮೇಲೆ. ಭತ್ತದ ಗರಿಯೋ ಜೋಳದ ದಂಟೋ ತಾಗಿ ಒಳ್ಳೆಯ ಕಣ್ಣಿಗೆ ಗಾಯವಾದರೆ ಬದುಕು ಆ ಮಂದಗಣ್ಣಿನ ಮೇಲೆಯೇ ನಿಲ್ಲುತ್ತದೆ. ಪೊಲೀಸ್, ಸೇನೆಯ ನೇಮಕಾತಿಗೆ ಹೋದಾಗ ದೃಷ್ಟಿ ಪರೀಕ್ಷೆಯಲ್ಲಿ ದೋಷ ಮೊದಲ ಬಾರಿಗೆ ಬಯಲಾದರೆ, ಆಗ ಚಿಕಿತ್ಸೆಯ ಕಾಲ ಬಹುತೇಕ ಮೀರಿರುತ್ತದೆ.

ಚಿಕಿತ್ಸೆ

ಮೊದಲ ಹೆಜ್ಜೆ ಸರಿಯಾದ ಕನ್ನಡಕ. ಅದಷ್ಟೇ ಸಾಲದಿದ್ದರೆ ಒಳ್ಳೆಯ ಕಣ್ಣಿಗೆ ಪಟ್ಟಿ ಕಟ್ಟಿ ಮಂದಗಣ್ಣಿಗೆ ಕೆಲಸ ಕೊಡಲಾಗುತ್ತದೆ. ಮಧ್ಯಮ ಪ್ರಮಾಣದ ದೋಷಕ್ಕೆ ದಿನಕ್ಕೆ 2 ಗಂಟೆಯ ಪಟ್ಟಿಯೂ 6 ಗಂಟೆಯಷ್ಟೇ ಫಲ ನೀಡುತ್ತದೆಂದು ಅಮೆರಿಕದಲ್ಲಿ ನಡೆದ, 2003ರಲ್ಲಿ ಪ್ರಕಟವಾದ ಅಧ್ಯಯನ ಕಂಡುಕೊಂಡಿತು. ಪಟ್ಟಿಗೆ ಒಪ್ಪದ ಮಕ್ಕಳಿಗೆ ವೈದ್ಯರು ಅಟ್ರೋಪಿನ್ ಹನಿ ಸೂಚಿಸುವುದುಂಟು. ಏಳು ವರ್ಷದೊಳಗೆ ಫಲ ಹೆಚ್ಚು. ನಂತರವೂ ಹಲವರಲ್ಲಿ ಸುಧಾರಣೆ ಕಂಡಿದೆ. ಆದ್ದರಿಂದ ವಯಸ್ಸು ಮೀರಿತೆಂದು ಕೈಬಿಡಬೇಕಿಲ್ಲ.

ಪಾಲಕರು ಗಮನಿಸಿ

* ಮಗುವಿನ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಒಂದನ್ನು ಮುಚ್ಚಿದಾಗ ಮಾತ್ರ ಅತ್ತರೆ, ಕೈ ತಳ್ಳಿದರೆ ತಜ್ಞರಿಗೆ ತೋರಿಸಿ.
* ಮೆಳ್ಳೆಗಣ್ಣು ಅದೃಷ್ಟವೆಂದೋ, ಬೆಳೆದಂತೆ ತಾನೇ ಸರಿಹೋಗುವುದೆಂದೋ ಕಾಯಬೇಡಿ.
* ಪಾಪೆಯಲ್ಲಿ ಬಿಳಿ ಹೊಳಪು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.
* ದೂರು ಇರಲಿ, ಇಲ್ಲದಿರಲಿ, ಶಾಲೆಗೆ ಸೇರಿಸುವ ಮುನ್ನ ಎರಡೂ ಕಣ್ಣುಗಳನ್ನು ಪ್ರತ್ಯೇಕವಾಗಿ ಪರೀಕ್ಷಿಸಿಸಿ. ಒಂದು ಕಣ್ಣು ಚೆನ್ನಾಗಿದ್ದರೆ ಮಗುವಿಗೆ ಕೊರತೆಯ ಅರಿವೇ ಇರುವುದಿಲ್ಲ.