ಗೂಬೆ ಕೂರಿಸಿದವರು, ಎಬ್ಬಿಸಿದವರು

ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೆ ಕನ್ನಡದಲ್ಲಿ ‘ಗೂಬೆ ಕೂರಿಸುವುದು’ ಎನ್ನುತ್ತೇವೆ. ದೆಹಲಿಯಲ್ಲಿರುವ ಓದುಗರಿಗೆ ಗೊತ್ತಿರುವಂತೆ ಹಿಂದಿಯ ‘ಉಲ್ಲೂ’ ಎಂದರೆ ದಡ್ಡ. ಬಂಗಾಳಿಗಳ ಮನೆಯಲ್ಲಿ ಅದೇ ಹಕ್ಕಿ ಲಕ್ಷ್ಮಿಯ ವಾಹನ, ಪೂಜೆಯಲ್ಲಿ ಅದಕ್ಕೂ ಪಾಲುಂಟು. ನಮ್ಮ ನುಡಿಗಟ್ಟಿನ ಗೂಬೆ ದಡ್ಡನೂ ಅಲ್ಲ, ದೇವರ ವಾಹನವೂ ಅಲ್ಲ. ಒಬ್ಬರ ಮೇಲಿಂದ ಎಬ್ಬಿಸಿ ಇನ್ನೊಬ್ಬರ ಮೇಲೆ ಕೂರಿಸಬೇಕಾದ ಕೇಡು ಅದು. ಸೂರಿನ ಮೇಲೆ ಗೂಬೆ ಕೂತರೆ ಮನೆ ಹಾಳಾಗುತ್ತದೆ ಎಂಬ ಹಳೆಯ ಭಯದಿಂದಲೇ ಈ ಮಾತು ಹುಟ್ಟಿರಬೇಕೆಂದು ನನ್ನ ಎಣಿಕೆ.

ಭಯ ಹಳೆಯದು, ಅದಕ್ಕೆ ಪರಿಹಾರವೂ ಹಳೆಯದು. ಋಗ್ವೇದದ ಹತ್ತನೆಯ ಮಂಡಲದ 165ನೆಯ ಸೂಕ್ತ ಇಂಥದೇ ಒಂದು ಗೃಹಸಂಕಟದ್ದು. ಮನೆಯೊಳಗೆ ಪಾರಿವಾಳವೊಂದು ನುಗ್ಗಿ ಒಲೆಯ ಬಳಿ ಕಾಲಿಟ್ಟಿದೆ. ಅದು ನಿರ್ಋತಿ ಕಳಿಸಿದ ದೂತನಿರಬಹುದೆಂದು ಮನೆಯವರ ಹೆದರಿಕೆ. ನಡುವೆ ಗೂಬೆಯ ಪ್ರಸ್ತಾಪವೂ ಬರುತ್ತದೆ, ಅದರ ಕೂಗು ಫಲಿಸದೆ ಹೋಗಲಿ ಎಂಬ ಅರ್ಥದಲ್ಲಿ. ನನಗೆ ಮುಖ್ಯವಾಗಿ ಕಾಣುವುದು ಹಕ್ಕಿಯನ್ನು ಏನು ಮಾಡಬೇಕೆಂದು ಅಲ್ಲಿ ಹೇಳಿರುವುದು. ಬಾಣ ಬಿಡಿ, ಬಡಿಯಿರಿ ಎಂದಿಲ್ಲ. ಋಕ್ಕಿನಿಂದಲೇ ಅದನ್ನು ಹೊರಗೆ ಕಳಿಸಿ, ನಮ್ಮ ಜನಕ್ಕೂ ದನಕ್ಕೂ ನೆಮ್ಮದಿಯಿರಲಿ ಎಂದಿದೆ. ಮುಂದೆ ಆಶ್ವಲಾಯನ ಗೃಹ್ಯಸೂತ್ರವು ಪಾರಿವಾಳ ಮನೆಗೆ ತಾಗಿದರೆ ಈ ಸೂಕ್ತವನ್ನು ಬಳಸಬೇಕೆಂದು ವಿಧಿಸಿತು. ಶಾಂತಿಯಾಗುವುದು ಮನೆಗೆ, ಹಕ್ಕಿಗೆ ಏನೂ ಆಗುವುದಿಲ್ಲ.

ಅದೇ ಪಾರಿವಾಳಕ್ಕೆ ಮುಂಬಯಿಯಲ್ಲಿ ಮೂಟೆಗಟ್ಟಲೆ ಕಾಳು ಸುರಿದು ಪುಣ್ಯ ಕಟ್ಟಿಕೊಳ್ಳುವ ಕಾಲವೂ ಬಂತು. ಒಂದೇ ಸೂಕ್ತದಲ್ಲಿ ಅಪಶಕುನವಾಗಿದ್ದ ಎರಡು ಹಕ್ಕಿಗಳಲ್ಲಿ ಒಂದು ಬಿಡುಗಡೆ ಪಡೆಯಿತು, ಇನ್ನೊಂದು ಪಡೆಯಲಿಲ್ಲ. (ಚೆಲ್ಲಿದ ಕಾಳಿಗೆ ರಾತ್ರಿ ಇಲಿ ಬರುತ್ತದೆ, ಇಲಿಯ ಹಿಂದೆ ಯಾರು ಬರುತ್ತಾರೆಂದು ಆಮೇಲೆ ನೋಡೋಣ.)

ಕನ್ನಡ ನಾಡಿನ ಮನೆಗಳಲ್ಲೂ ಪರಿಹಾರದ ದಾರಿ ಇದೇ. ಗೂಬೆ ಒಳಗೆ ಬಂದರೆ ಮೂರು ತಿಂಗಳೋ ಆರು ತಿಂಗಳೋ ಮನೆ ಬಿಟ್ಟಿದ್ದು, ಶಾಂತಿ ಮಾಡಿಸಿ ಮರಳಬೇಕೆಂಬ ಮಾತನ್ನು ನಿಮ್ಮಲ್ಲಿ ಹಲವರು ಅಜ್ಜಿಯರ ಬಾಯಲ್ಲಿ ಕೇಳಿರುತ್ತೀರಿ. ಬಾಡಿಗೆ ಮನೆಯವರಿಗೆ ಕಷ್ಟದ ಕಟ್ಟಳೆ. ಆದರೂ ಅದನ್ನು ಹಕ್ಕಿಯ ಕಡೆಯಿಂದ ನೋಡಿ: ಬಿಟ್ಟು ಹೋಗುವವರು ಮನುಷ್ಯರು, ಉಳಿಯುವುದು ಗೂಬೆ. ಕಣಜಗೂಬೆ ಮೊಟ್ಟೆಗೆ ಕಾವು ಕೊಡುವುದು ಒಂದು ತಿಂಗಳು, ಮರಿ ಹಾರಲು ಇನ್ನೆರಡು ತಿಂಗಳು, ಒಟ್ಟು ಸುಮಾರು ಮೂರು. ಕಟ್ಟಳೆ ಮಾಡಿದವರು ಇದನ್ನು ಲೆಕ್ಕ ಹಾಕಿದ್ದರೆಂದು ನಾನು ಹೇಳಲಾರೆ. ಆದರೆ ಆ ಕಟ್ಟಳೆ ಪಾಲಿಸಿದ ಮನೆಯಲ್ಲಿ ಒಂದು ಸಂಸಾರ ಸುಖವಾಗಿ ಬೆಳೆದು ಹಾರಿಹೋಗಿರಲು ಸಾಕು.

ಎಲ್ಲ ಗೂಬೆಗೂ ನಾವು ಒಂದೇ ಶಿಕ್ಷೆ ಕೊಡಲಿಲ್ಲ ಎಂಬುದನ್ನೂ ನೆನೆಯಬೇಕು. ಮೈಮೇಲೆ ಬಿಳಿ ಚುಕ್ಕೆಗಳಿರುವ, ಗೇಣುದ್ದದ ಪುಟ್ಟ ಗೂಬೆಗೆ ಕನ್ನಡದಲ್ಲಿ ಹಾಲಕ್ಕಿ ಎಂಬ ಮುದ್ದಾದ ಹೆಸರಿದೆ. ಬುಡಬುಡಿಕೆಯವರು ನಸುಕಿನಲ್ಲಿ ಬಾಗಿಲಿಗೆ ಬಂದು ಮನೆಗೆ ಒಳ್ಳೆಯದಾಗುತ್ತದೆಂದು ಸಾರುವುದು ಈ ಹಾಲಕ್ಕಿಯ ನುಡಿ ಕೇಳಿಬಂದೆವೆಂದೇ. ಎರಡೂ ಗೂಬೆಗಳೇ, ಎರಡೂ ಇರುಳು ಕೂಗುವವೇ. ಒಂದರ ದನಿ ಶುಭ, ಇನ್ನೊಂದರದು ಅಶುಭ.

ಅಶುಭದ ಪಟ್ಟ ಎಲ್ಲಿಂದ ಬಂತೆನ್ನುವುದಕ್ಕೆ ಗೂಬೆಯ ವಾಸದ ರೀತಿಯಲ್ಲೇ ಅರ್ಧ ಉತ್ತರವಿದೆ. ಅದು ಗುಬ್ಬಿ ಗೀಜಗಗಳಂತೆ ಗೂಡು ಕಟ್ಟುವುದಿಲ್ಲ. ಮರದ ಪೊಟರೆ, ಗೋಡೆಯ ಬಿರುಕು, ಅಟ್ಟದ ಮೂಲೆ, ಪಾಳುಗುಡಿಯ ಗೋಪುರ, ಹೀಗೆ ಸಿದ್ಧವಾದ ಕತ್ತಲೆ ಸಿಕ್ಕಿದಲ್ಲಿ ಮೊಟ್ಟೆಯಿಡುತ್ತದೆ. ಮನೆ ಮೊದಲು ಶಿಥಿಲವಾಗುತ್ತದೆ, ಕೋಣೆ ಖಾಲಿಬೀಳುತ್ತದೆ, ಧಾನ್ಯದ ಮೂಲೆಯಲ್ಲಿ ಇಲಿ ಸೇರುತ್ತದೆ. ಗೂಬೆ ಬರುವುದು ಆಮೇಲೆ. ನೋಡಿದವರು ಹಿಂದುಮುಂದು ಮಾಡಿ, ಗೂಬೆ ಬಂದದ್ದರಿಂದ ಮನೆ ಹಾಳಾಯಿತೆಂದರು. ಗೂಬೆಯ ಮೇಲೇ ಗೂಬೆ ಕೂರಿಸಿದ ಹಾಗಾಯಿತು.

ಇದು ನಮ್ಮವರದೊಂದೇ ಕಥೆಯಲ್ಲ, ಬೇರೆಡೆ ಇದಕ್ಕಿಂತ ಕ್ರೂರವಾಗಿತ್ತು. ಕ್ರಿ.ಶ. ಒಂದನೆಯ ಶತಮಾನದಲ್ಲಿ ಕೃಷಿಯ ಬಗ್ಗೆ ಬರೆದ ರೋಮಿನ ಕೊಲುಮೆಲ್ಲಾ, ಇರುಳ ಹಕ್ಕಿಗಳು ಮಾಡಿನ ಮೇಲೆ ಕೂತು ಗೋಳಿಡದಂತೆ ಅವುಗಳನ್ನು ಶಿಲುಬೆಗೆ ಕಟ್ಟುವ ಕ್ರಮವನ್ನು ಹೇಳುತ್ತಾನೆ. ಕೆಲವು ಶತಮಾನಗಳ ಬಳಿಕ ಪಲ್ಲಾಡಿಯಸ್ ಎಂಬ ಇನ್ನೊಬ್ಬ ಕೃಷಿ ಲೇಖಕ, ರೆಕ್ಕೆ ಬಿಚ್ಚಿದ ಗೂಬೆಯನ್ನು ತೂಗುಹಾಕಿದರೆ ಆಲಿಕಲ್ಲು ಬೀಳದೆಂಬ ಉಪಾಯವನ್ನು ದಾಖಲಿಸಿದ. ಗೂಬೆಯನ್ನು ಕಣಜದ ಬಾಗಿಲಿಗೆ ಮೊಳೆ ಹೊಡೆದು ಜಡಿಯುವ ಪದ್ಧತಿ ಯುರೋಪಿನ ಹಳ್ಳಿಗಳಲ್ಲಿ ಹತ್ತೊಂಬತ್ತನೆಯ ಶತಮಾನದವರೆಗೂ ಉಳಿದಿತ್ತು.

ಆ ಕಾಲದಲ್ಲೇ ಒಬ್ಬ ಜಮೀನ್ದಾರ ಬೇರೆ ದಾರಿ ಹಿಡಿದ. ಇಂಗ್ಲೆಂಡಿನ ಯಾರ್ಕ್‌ಷೈರಿನ ವಾಲ್ಟನ್ ಹಾಲ್‌ನ ಚಾರ್ಲ್ಸ್ ವಾಟರ್ಟನ್, ದಕ್ಷಿಣ ಅಮೆರಿಕದ ಗಯಾನಾ ಕಾಡುಗಳನ್ನು ಸುತ್ತಿ ಬಂದವನು. 1813ರವರೆಗೆ ಅವನ ಎಸ್ಟೇಟಿನಲ್ಲೂ ಗೂಬೆಗೆ ಉಳಿಗಾಲವಿರಲಿಲ್ಲ. ಮನೆ ನೋಡಿಕೊಳ್ಳುತ್ತಿದ್ದ ಮುದುಕಿಗೆ ಅದರ ದನಿ ಕೇಳಿದರೆ ನಡುಕ, ಅವಳ ಹರೆಯದಲ್ಲಿ ಯಾವ ಯಾವ ಮನೆಗೆ ಅದು ಸಾವು ತಂದಿತೆಂಬುದೆಲ್ಲ ಅವಳಿಗೆ ನೆನಪಿತ್ತು. ಕಾವಲುಗಾರನಿಗೆ ಅದನ್ನು ಹೊಡೆಯುವುದು ಕೆಲಸದ ಭಾಗ. ವಾಟರ್ಟನ್ ಹೊಡೆಯುವುದನ್ನು ನಿಲ್ಲಿಸಿದ. ಅಷ್ಟಕ್ಕೇ ಬಿಡದೆ, ಹಳೆಯ ಹೆಬ್ಬಾಗಿಲಿನ ಪಾಳುಗೋಡೆಯ ಮೇಲೆ ಕಲ್ಲು ಗಾರೆಯಲ್ಲಿ ನಾಲ್ಕಡಿ ಚದರದ ಒಂದು ಗೂಡು ಕಟ್ಟಿಸಿ, ಕೂರಲು ಓಕ್ ಮರದ ದಪ್ಪ ಕೋಲು ಹೂಡಿಸಿದ. ತಿಂಗಳೊಳಗೆ ಜೋಡಿಯೊಂದು ಬಂದು ಸೇರಿತು. ಮುಟ್ಟಿದರೆ ಕತ್ತು ಹಿಸುಕುತ್ತೇನೆಂದು ಕಾವಲುಗಾರನಿಗೆ ಹೇಳಿಟ್ಟಿದ್ದನಂತೆ. ದಯೆಗೂ ಸ್ವಲ್ಪ ಗದರಿಕೆ ಬೇಕಾಗುತ್ತದೆ.

ಮುಂದೆ ಅವನು ಕೂತು ಎಣಿಸಿದ. ಮರಿಗಳಿದ್ದಾಗ ಹನ್ನೆರಡರಿಂದ ಹದಿನೈದು ನಿಮಿಷಕ್ಕೊಂದು ಇಲಿ ಗೂಡಿಗೆ ಬರುತ್ತಿತ್ತು. ಗೂಬೆ ನುಂಗಿದ ಇಲಿಯ ಎಲುಬು, ಕೂದಲುಗಳನ್ನು ಉಂಡೆಮಾಡಿ ಉಗುಳುತ್ತದೆ. ಹದಿನಾರು ತಿಂಗಳಲ್ಲಿ ಅಂಥ ಉಂಡೆಗಳು ಒಂದು ಬುಶೆಲ್‌ಗಿಂತ ಹೆಚ್ಚು ಸೇರಿದ್ದವು, ಎಂದರೆ ಸುಮಾರು 36 ಲೀಟರಿನಷ್ಟು. ಕ್ಯಾಥೊಲಿಕ್ ಮನೆತನದ ವಾಟರ್ಟನ್‌ಗೆ ಇಲಿಯ ಮೇಲೆ ರಾಜಕೀಯ ಸಿಟ್ಟೂ ಇತ್ತು: ಕಂದು ಇಲಿ ಹ್ಯಾನೋವರ್ ವಂಶದ ದೊರೆಯ ಜೊತೆ ಹಡಗಿನಲ್ಲಿ ಬಂದದ್ದೆಂದು ನಂಬಿ, ಅದನ್ನು ‘ಹ್ಯಾನೋವರ್ ಇಲಿ’ ಎಂದೇ ಕರೆಯುತ್ತಿದ್ದ. ನನಗೆ ಅವನ ವಿಷಯದಲ್ಲಿ ಹಿಡಿಸುವುದು ಗೂಡಿಗೆ ಆರಿಸಿದ ಜಾಗ. ಮುದುಕಿಯ ಕೋಣೆಯ ಸೂರಿನಲ್ಲಲ್ಲ, ಪಾಳುಗೋಡೆಯ ಮೇಲೆ. ಗೂಬೆಯನ್ನು ಮನೆಯಿಂದ ದೂರವಿಡಲು ಅದಕ್ಕೆ ಇನ್ನೊಂದು ಮನೆ ಕೊಡಬಹುದು.

ನಮ್ಮ ದೇಶಕ್ಕೆ ಮರಳೋಣ. ಇಲ್ಲಿ ಮಂತ್ರದಿಂದ ಕಳಿಸುವ ಪದ್ಧತಿ ಹಿಂದೆ ಸರಿದು, ಹಿಡಿದು ಮಾರುವ ದಂಧೆ ಮುಂದೆ ಬಂತು. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಇಂಡಿಯಾ ಸಂಸ್ಥೆ 2010ರಲ್ಲಿ ಪಕ್ಷಿತಜ್ಞ ಅಬ್ರಾರ್ ಅಹ್ಮದ್ ಅವರ ವರದಿಯನ್ನು ಹೊರತಂದಿತು. ದೇಶದ ಸುಮಾರು 30 ಬಗೆಯ ಗೂಬೆಗಳಲ್ಲಿ ಅರ್ಧದಷ್ಟು ಸಂತೆಗಳಲ್ಲಿ ಮಾರಾಟಕ್ಕಿದ್ದವು. ಮಾಟ, ಬಲಿಗಳಿಗಾಗಿ, ಅದರಲ್ಲೂ ದೀಪಾವಳಿಯ ಹೊತ್ತಿಗೆ ಅವಕ್ಕೆ ಬೇಡಿಕೆ ಏರುತ್ತದೆ. ಲಕ್ಷ್ಮಿಯ ಹಬ್ಬಕ್ಕೆ ಲಕ್ಷ್ಮಿಯ ವಾಹನದ ಕತ್ತು. 2018ರಲ್ಲಿ ಕಲಬುರಗಿ ಜಿಲ್ಲೆಯ ಸೇಡಂನಲ್ಲಿ ಎರಡು ದೊಡ್ಡ ಗೂಬೆಗಳನ್ನು ಮಾರಲು ಹೊರಟಿದ್ದವರನ್ನು ಪೊಲೀಸರು ಹಿಡಿದರು. ಪಕ್ಕದ ತೆಲಂಗಾಣದಲ್ಲಿ ಆಗ ವಿಧಾನಸಭಾ ಚುನಾವಣೆ. ಎದುರಾಳಿಗೆ ಕೇಡು ಬಗೆಯಲು ಅಲ್ಲಿಂದ ಬೇಡಿಕೆ ಬಂದಿತ್ತೆಂದು ಪತ್ರಿಕೆಗಳು ವರದಿ ಮಾಡಿದವು. ನುಡಿಗಟ್ಟು ಅಕ್ಷರಶಃ ನಿಜವಾದ ಸಂದರ್ಭವದು.

ಹಾಗಾಗಿ ಬಾಲ್ಕನಿಯಲ್ಲೋ ಹಿತ್ತಲಲ್ಲೋ ಗೂಬೆ ಕಂಡಾಗ ‘ಹಿಡಿದುಕೊಂಡು ಹೋಗುತ್ತೇನೆ ಸಾರ್’ ಎಂದು ಮುಂದೆ ಬರುವವನಿಗೆ ಒಪ್ಪಿಸಬೇಡಿ. ಆ ಹಕ್ಕಿ ಎಲ್ಲಿ ತಲುಪುತ್ತದೆಂದು ಊಹಿಸುವುದು ಕಷ್ಟವಲ್ಲ. ಮೇಲಾಗಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಹಿಡಿಯುವುದಷ್ಟೇ ಅಲ್ಲ, ಗೂಡಿಗೆ, ಮೊಟ್ಟೆಗೆ ಹಾನಿ ಮಾಡುವುದೂ ಬೇಟೆಯೇ.

ಹಾಗೆಂದು ಕಿಟಕಿಯ ಪಕ್ಕದಲ್ಲೇ ಸಂಸಾರ ಹೂಡಿದ ಕಣಜಗೂಬೆಯೊಡನೆ ಬದುಕುವುದು ಸುಲಭವಲ್ಲ. ಮರಿಗಳು ರಾತ್ರಿಯಿಡೀ ಬುಸುಗುಟ್ಟುತ್ತವೆ, ವಾಸನೆಯೂ ಇರುತ್ತದೆ, ಮನೆಯ ಹಿರಿಯರಿಗೆ ಅಂಜಿಕೆಯಿದ್ದರೆ ನಿದ್ದೆಯಿಲ್ಲ. ಅದು ಬಾರದಂತೆ ಮಾಡುವ ಕೆಲಸ ಅದು ಬರುವ ಮೊದಲೇ ಆಗಬೇಕು. ಎಸಿ ಕೂರಿಸಲು ಬಿಟ್ಟ ಖಾಲಿ ಜಾಗ, ಪೈಪು ಹಾಯುವ ಓಣಿ, ಮುರಿದ ಗಾಳಿಕಿಂಡಿ, ಹೆಂಚಿನ ಸಂದು, ಇವಕ್ಕೆ ಗಟ್ಟಿ ಜಾಲರಿ ಹಾಕಿಸಿ. ಕಸದ ಡಬ್ಬಿಗೆ ಮುಚ್ಚಳ, ಕಾಳುಕಡಿಗೆ ಬಿಗಿ ಡಬ್ಬಿ. ಪಾರಿವಾಳಕ್ಕೆ ಕಾಳು ಸುರಿಯುವ ನೆರೆಯವರಿದ್ದರೆ, ಮೊದಲು ಮಾತಾಡಬೇಕಾದದ್ದು ಅವರೊಡನೆ. ಇಲಿಗೆ ವಿಷ ಇಡುವುದು ಮಾತ್ರ ಬೇಡ. ಅಂಗಡಿಯಲ್ಲಿ ಸಿಗುವ ಬ್ರೋಮಾಡಿಯೋಲೋನ್ ಬಿಲ್ಲೆ ತಿಂದ ಇಲಿ ಸಾಯಲು ಕೆಲವು ದಿನ ಬೇಕು. ಅಷ್ಟರಲ್ಲಿ ಮಂಕಾಗಿ ಓಡಾಡುವ ಅದನ್ನು ಗೂಬೆ ಸುಲಭವಾಗಿ ಹಿಡಿದು, ತಾನೂ ವಿಷವುಣ್ಣುತ್ತದೆ. ಪಟಾಕಿ, ಕಲ್ಲು, ಹೊಗೆಯೂ ಬೇಡ. ಹಗಲಲ್ಲಿ ಹೊರಬಿದ್ದ ಗೂಬೆಯನ್ನು ಕಾಗೆಗಳು ಮುತ್ತಿ ಕುಕ್ಕುತ್ತವೆ.

ಬಂದು ಮೊಟ್ಟೆಯಿಟ್ಟಾಗಿದ್ದರೆ ಮಾಡಬಹುದಾದದ್ದು ಕಾಯುವುದು. ಆ ಕಿಟಕಿ ಮುಚ್ಚಿ, ಪರದೆ ಎಳೆದು, ಮಲಗುವ ಕೋಣೆ ಬದಲಿಸಿಕೊಳ್ಳಿ. ಮನೆ ಬಿಡುವ ಹಳೆಯ ಕಟ್ಟಳೆಗೆ ಹೋಲಿಸಿದರೆ ಇದು ಅಗ್ಗ. ಕೆಳಗೆ ಬಿದ್ದ ಮರಿ ಗಾಯವಿಲ್ಲದೆ ಇದ್ದರೆ ಬಟ್ಟೆಯಲ್ಲಿ ಹಿಡಿದು ಅದೇ ಕಟ್ಟೆಗೆ ಮರಳಿಸಿ. ಮನುಷ್ಯರು ಮುಟ್ಟಿದರೆಂದು ತಾಯಿ ಬಿಟ್ಟುಹೋಗುವುದಿಲ್ಲ. ಗಾಯವಾಗಿದ್ದರೆ ಅರಣ್ಯ ಇಲಾಖೆಗೋ ನಿಮ್ಮೂರಿನ ಪಕ್ಷಿ ರಕ್ಷಕರಿಗೋ ಫೋನು ಮಾಡಿ.

ಕಣಜಗೂಬೆ ಎಲ್ಲ ಮೊಟ್ಟೆಗಳನ್ನು ಒಂದೇ ದಿನ ಇಡುವುದಿಲ್ಲ. ಒಂದೆರಡು ದಿನಕ್ಕೊಂದರಂತೆ ಇಡುತ್ತಾ ಮೊದಲನೆಯದಕ್ಕೇ ಕಾವು ಶುರುಮಾಡುತ್ತದೆ. ಆದ್ದರಿಂದ ಮರಿಗಳಲ್ಲಿ ಅಣ್ಣ ತಮ್ಮಂದಿರ ವ್ಯತ್ಯಾಸ ದೊಡ್ಡದು. ಹಿರಿಯದು ಹಾರಿದ್ದನ್ನು ಕಂಡ ಕೂಡಲೇ ಜಾಲರಿ ಹೊಡೆಸಿದರೆ ಕಿರಿಯದು ಒಳಗೇ ಉಳಿದೀತು. ಬುಸುಗುಟ್ಟುವ ಸದ್ದು ಪೂರ್ತಿ ನಿಂತು ಕೆಲವು ದಿನಗಳಾದ ಮೇಲೆ, ಮುಸ್ಸಂಜೆ ದಾಟಿ ದೊಡ್ಡವು ಬೇಟೆಗೆ ಹೋದ ಹೊತ್ತಿನಲ್ಲಿ, ಒಳಗೆ ಟಾರ್ಚು ಬಿಟ್ಟು ಮೂಲೆಮೂಲೆ ನೋಡಿ. ಖಾಲಿಯಿದ್ದರೆ ಆಗ ಮುಚ್ಚಿಸಿ.