ಚಾಕೊಲೇಟ್ ಸ್ವಿಸ್ ರೋಲ್

ಹಾಳೆಯಂತೆ ತೆಳುವಾಗಿ ಬೇಯಿಸಿದ ಕೋಕೋ ಸ್ಪಂಜ್ ಕೇಕಿಗೆ ಕೆನೆ ಸವರಿ, ಸುರುಳಿ ಸುತ್ತಿ ಮಾಡುವ ಸಿಹಿ. ಫ್ರಾನ್ಸಿನಲ್ಲಿ ಕ್ರಿಸ್‌ಮಸ್‌ಗೆ ಮರದ ದಿಮ್ಮಿಯ ಆಕಾರದಲ್ಲಿ ಸಿಂಗರಿಸುವ ‘ಬೂಶ್ ದ ನೊಯೆಲ್’ ಇದರ ಅತ್ಯಂತ ಚೆಂದದ ರೂಪ. ಚಾಕೊಲೇಟ್ ಲೇಪದ ಮೇಲೆ ಫೋರ್ಕಿನಿಂದ ಗೀರೆಳೆದರೆ ತೊಗಟೆ ಮೂಡುತ್ತದೆ.

ಮನೆಯ ಅಳತೆಗೆ 4 ಮೊಟ್ಟೆ, 100 ಗ್ರಾಂ ಸಕ್ಕರೆ, 75 ಗ್ರಾಂ ಮೈದಾ, 25 ಗ್ರಾಂ ಕೋಕೋ ಪುಡಿ ಸಾಕು. ಬೆಣ್ಣೆ ಬೇಡ. ಕೇಕನ್ನು ಉಬ್ಬಿಸುವುದು ಮೊಟ್ಟೆಯೊಳಗೆ ಸೇರಿದ ಗಾಳಿ. ಆದ್ದರಿಂದ ಮೊಟ್ಟೆ, ಸಕ್ಕರೆಯನ್ನು ಬಿಳಿಚಿ ದಪ್ಪಗಾಗುವವರೆಗೆ, ಬೀಟರ್ ಎತ್ತಿದಾಗ ಇಳಿಯುವ ಎಳೆ ಕೆಲ ಕ್ಷಣ ಮೇಲೆಯೇ ನಿಲ್ಲುವವರೆಗೆ ಚೆನ್ನಾಗಿ ಬೀಟ್ ಮಾಡಬೇಕು. ಜರಡಿ ಹಿಡಿದ ಹಿಟ್ಟನ್ನು ಹಗುರವಾಗಿ ಬೆರೆಸಿ, ಬೇಕಿಂಗ್ ಪೇಪರ್ ಹಾಸಿದ 33×23 ಸೆಂ.ಮೀ. ಟ್ರೇಯಲ್ಲಿ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು 10 ನಿಮಿಷ ಬೇಯಿಸುತ್ತಾರೆ.

ನಿಜವಾದ ಪರೀಕ್ಷೆ ಇರುವುದು ಸುತ್ತುವುದರಲ್ಲಿ. ಹೆಚ್ಚು ಬೆಂದರೆ ಅಂಚು ಒಣಗಿ ಬಿರಿಯುತ್ತದೆ. ಬಿಸಿಯಿರುವಾಗಲೇ ಸಕ್ಕರೆ ಪುಡಿ ಉದುರಿಸಿದ ಬಟ್ಟೆಯ ಮೇಲೆ ಮಗುಚಿ, ಬಟ್ಟೆ ಸಮೇತ ಸುತ್ತಿಡುವುದು ಜಾಣತನ: ಆರುತ್ತಾ ಬಿಗಿಯಾಗುವ ಕೇಕ್ ಆ ಬಾಗನ್ನೇ ಉಳಿಸಿಕೊಳ್ಳುತ್ತದೆ. ಪೂರ್ತಿ ಆರಿದ ಮೇಲೆ ಬಿಡಿಸಿ, ಕೆನೆ ಸವರಿ ಮತ್ತೆ ಸುತ್ತಬೇಕು. ಬಿಸಿಗೆ ಸವರಿದರೆ ಕೆನೆ ಕರಗಿ ಹರಿಯುತ್ತದೆ.

ಮೈದಾ ಇಲ್ಲದೆ ಕರಗಿಸಿದ ಚಾಕೊಲೇಟಿನಿಂದ ಮಾಡುವ ರೂಲಾಡ್ ಇನ್ನೂ ಮೃದು. ಅದರಲ್ಲಿ ಬಿರುಕು ಸಹಜ. ಮೇಲೆ ಸಕ್ಕರೆ ಪುಡಿ ಉದುರಿಸಿ ಹಾಗೆಯೇ ಬಡಿಸುತ್ತಾರೆ.